ಬಾಳಗೊಂಡರ ಬಲಗಾಲು

ಕೊಲ್ಹಾಪುರದ ಸುಭಾಷನಗರದಲ್ಲಿ ಚಪ್ಪಲಿ ಹೊಲಿಯುವ ಕೃಷ್ಣಾತನಿಗೆ ಬ್ಲೂಸ್ ಸಂಗೀತದ ಹುಚ್ಚು ಹತ್ತಿ ಇಪ್ಪತ್ತಾರು ವರ್ಷವಾಗಿತ್ತು. ಆದರೆ ಅದನ್ನು ಒಬ್ಬ ಮನುಷ್ಯ ತನ್ನೆದುರು ಕುಳಿತು ನುಡಿಸುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಹುಚ್ಚು ಹತ್ತಿದ್ದು ಗೋವಾದಲ್ಲಿ. ಮದುವೆಗೆ ಮುಂಚೆ ನಾಲ್ಕು ಚಳಿಗಾಲ ಅವನು ಅಪ್ಪ ಹೊಲಿದ ಚಪ್ಪಲಿಗಳನ್ನು ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿನ ಕಡಲ ದಂಡೆಯ ಸಂತೆಯಲ್ಲಿ ಮಾರುತ್ತಿದ್ದ. ಅವನು ಕೂರುವ ಜಾಗದೆದುರು ಒಂದು ಚಹಾದಂಗಡಿ. ಅದರ ಮಾಲೀಕ ದಿನವಿಡೀ ಒಂದೇ ಬಗೆಯ ಹಾಡು ಹಾಕುತ್ತಿದ್ದ. ಒಂದು ಗಿಟಾರು, ಒಂದು ಒರಟು ಗಂಟಲು, ನಡುನಡುವೆ ಮೌತ್ ಆರ್ಗನ್ನಿನ ಕೂಗು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಹಾಡುವವನು ಒಂದು ಸಾಲು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಮುಗಿಸಿ ಬಿಡುವ ರೀತಿ ಕೃಷ್ಣಾತನಿಗೆ ಬಹಳ ಪರಿಚಿತವೆನಿಸಿತು. ಅವನ ಅವ್ವ ಧೊಂಡುಬಾಯಿ ಅಪ್ಪನ ಮೇಲೆ ಸಿಟ್ಟಾದಾಗ ಹೀಗೆಯೇ ಮಾಡುತ್ತಿದ್ದಳು. ಹೇಳಿದ್ದನ್ನೇ ಎರಡು ಸಲ ಹೇಳಿ, ಮೂರನೆಯ ಮಾತಿಗೆ ಪೆಟ್ಟು ಕೊಡುತ್ತಿದ್ದಳು.

ಇದು ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಎಂದು ಮಾಲೀಕ ಹೇಳಿದ. ಕೊನೆಯ ವರ್ಷ ಒಂದು ಕ್ಯಾಸೆಟ್ಟನ್ನೂ ಕೊಟ್ಟು ಕಳಿಸಿದ. ಆ ಕ್ಯಾಸೆಟ್ಟು ಸವೆದು ಹೋಯಿತು. ಆಮೇಲೆ ಸಿ.ಡಿ. ಬಂತು, ಪೆನ್‌ಡ್ರೈವ್ ಬಂತು, ಈಗ ಫೋನು. ಬೆಳಗ್ಗೆ ಚರ್ಮ ನೆನೆಹಾಕುವ ಹೊತ್ತಿಗೆ ಕೃಷ್ಣಾತ ಹಾಡು ಹಚ್ಚುತ್ತಿದ್ದ. ಪಕ್ಕದಲ್ಲಿ ಪಟ್ಟಿಗೆ ಹೆಣಿಗೆ ಹಾಕುತ್ತ ಕುಳಿತ ಹೆಂಡತಿ ಸಾರಿಕಾ, "ಚಾಲೂ ಆತ ನೋಡ್ರಿ ನಿಮ್ಮ ಅಳೂ ಹಾಡು" ಎನ್ನುತ್ತಿದ್ದಳು. ಇಡೀ ಓಣಿಯಲ್ಲಿ ಈ ಹಾಡು ಕೇಳುವ ಇನ್ನೊಬ್ಬ ಮನುಷ್ಯ ಇರಲಿಲ್ಲ.

ಫೆಬ್ರುವರಿಯ ಒಂದು ಗುರುವಾರ ಮಗಳು ಮೋನಾಲಿ ಕಾಲೇಜಿನಿಂದ ಬಂದವಳೇ ಫೋನನ್ನು ಅಪ್ಪನ ಮೂಗಿನ ಹತ್ತಿರ ಹಿಡಿದಳು.

"ಅಪ್ಪಾ, ನಿಮ್ಮ ಬ್ಲೂಸ್ ನಮ್ಮೂರಿಗೇ ಬಂದೈತಿ. ನಾಳೆ ಇಲ್ಲಿ, ಶನಿವಾರ ಇಚಲಕರಂಜಿ, ರವಿವಾರ ಗಡಹಿಂಗ್ಲಜ."

ಚಿತ್ರದಲ್ಲಿ ಇಬ್ಬರಿದ್ದರು. ಗಿಟಾರು ಹಿಡಿದ ಬಿಳಿಗೂದಲಿನ ಬಾಳಗೊಂಡ. ಮೌತ್ ಆರ್ಗನ್ ಹಿಡಿದ, ಮೂವತ್ತರ ಆಸುಪಾಸಿನ ಪ್ರಣಿತಾ. ಕೃಷ್ಣಾತ ಹೆಸರನ್ನು ಎರಡು ಸಲ ಓದಿದ. ಬ್ಲೂಸ್ ನುಡಿಸುವವನ ಹೆಸರು ಬಾಳಗೊಂಡ ಎಂದಿರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಶುಕ್ರವಾರ ಸಂಜೆ ಅವನು ಇಸ್ತ್ರಿ ಅಂಗಿ ತೊಟ್ಟು, ಐದು ಗಂಟೆಗೇ ಹೋಗಿ ಮೂರನೆಯ ಸಾಲಿನಲ್ಲಿ ಕುಳಿತ. ಸಣ್ಣ ಸಭಾಗೃಹ, ಅರವತ್ತು ಜನ ಇದ್ದರೆ ಹೆಚ್ಚು. ಬಾಳಗೊಂಡರು ಬಂದರು, ಕುರ್ಚಿಯ ಮೇಲೆ ಕುಳಿತರು, ಬಲಗಾಲಿನ ಕೆಳಗೆ ಒಂದು ಹಲಸಿನ ಹಲಗೆ ಎಳೆದುಕೊಂಡರು. ಪ್ರಣಿತಾ ಮೇಜಿನ ಮೇಲೆ ಏಳು ಮೌತ್ ಆರ್ಗನ್ನುಗಳನ್ನು ಸಾಲಾಗಿ ಇಟ್ಟಳು. ಮಾತಿಲ್ಲ, ಪೀಠಿಕೆಯಿಲ್ಲ. ಗಿಟಾರು ಶುರುವಾಯಿತು.

ಇಪ್ಪತ್ತಾರು ವರ್ಷ ತನಗೆ ಕೇಳಿಸದೆ ಹೋದದ್ದೆಷ್ಟು ಎಂದು ಕೃಷ್ಣಾತನಿಗೆ ಮೊದಲ ಹಾಡಿನಲ್ಲೇ ಗೊತ್ತಾಯಿತು. ಬೆರಳು ತಂತಿಯ ಮೇಲೆ ಜಾರುವಾಗಿನ ಸಣ್ಣ ಕೀರಲು, ಊದುವ ಮುಂಚೆ ಪ್ರಣಿತಾ ಎಳೆದುಕೊಳ್ಳುವ ಉಸಿರು, ಎರಡೂ ಮೂರನೆಯ ಸಾಲಿನ ತನಕ ಬರುತ್ತಿದ್ದವು. ಬಾಳಗೊಂಡರು ಮುಂದಿನ ಸ್ವರವನ್ನು ಬೇಕೆಂದೇ ತಡೆದು ಹಿಡಿದರೆ, ಪ್ರಣಿತಾ ಕಾದು ಕಾದು ನಕ್ಕುಬಿಡುತ್ತಿದ್ದಳು. ಆಗ ಅವರು ಸ್ವರವನ್ನು ಬಿಟ್ಟುಕೊಡುತ್ತಿದ್ದರು. ಹಾಡು ಎಲ್ಲೋ ತಯಾರಾಗಿ ಬಂದದ್ದಲ್ಲ, ಇಲ್ಲಿಯೇ ಕಣ್ಣೆದುರು ಹೊಲಿಗೆ ಬೀಳುತ್ತಿತ್ತು. ಕೃಷ್ಣಾತನಿಗೆ ಗೊತ್ತಿಲ್ಲದೆ ಅವನ ಕೈ ಮುಂದಿನ ಕುರ್ಚಿಯ ಬೆನ್ನು ತಟ್ಟತೊಡಗಿತು. ಅಲ್ಲಿ ಕುಳಿತಿದ್ದ ಹೆಂಗಸು ತಿರುಗಿ ನೋಡಿದಾಗಲೇ ಎಚ್ಚರ.

ಆದರೆ ಕಸುಬುದಾರನ ಕಣ್ಣು ಸುಮ್ಮನಿರುವುದಿಲ್ಲವಲ್ಲ. ನಾಲ್ಕನೆಯ ಹಾಡಿನ ಹೊತ್ತಿಗೆ ಅದು ಬಾಳಗೊಂಡರ ಬಲಗಾಲಿನ ಮೇಲೆ ನಿಂತಿತು. ಆ ಕಾಲು ಹಾಡಿನುದ್ದಕ್ಕೂ ಹಲಗೆಯನ್ನು ಹೊಡೆಯುತ್ತಿತ್ತು, ಆದರೆ ದಪ್ಪ ರಬ್ಬರ್ ತಳದ ಬೂಟಿನಿಂದ ಸದ್ದೇ ಹೊರಡುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಜನ ಬಾಳಗೊಂಡರ ಸುತ್ತ ನೆರೆದರು. ಎಲ್ಲರೂ ಹೋಗುವ ತನಕ ಕೃಷ್ಣಾತ ಗೋಡೆಗೆ ಆತುಕೊಂಡು ನಿಂತಿದ್ದ. ಎದುರು ಹೋದಾಗ ಅವನ ಬಾಯಿಂದ ಹೊರಬಿದ್ದದ್ದು ಊರಿನ ಮರಾಠಿಯಲ್ಲ, ಮನೆಯ ಕನ್ನಡ.

"ಮಾಸ್ತರ್ರ, ಭಾಳ ಚಲೋ ಆತ್ರಿ. ಆದ್ರ ನಿಮ್ಮ ಕಾಲು ನಮಗ ಕೇಳಸಲಿಲ್ರಿ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಬಾಳಗೊಂಡರು ಅವನನ್ನು ನೋಡಿದರು, ತಮ್ಮ ಬೂಟನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕರು.

"ನಲವತ್ತ ವರ್ಷದಾಗ ಇದನ್ನ ಹೇಳಿದವ್ರು ನೀವ ಮೊದಲನೇದವ್ರು ನೋಡ್ರಿ. ಯಾವೂರು ನಿಮ್ಮದು?"

"ಇಲ್ಲೇ, ಕೊಲ್ಹಾಪುರ. ಅಜ್ಜ ಅಥಣಿ ಕಡೇಂದ ಬಂದಾವ. ಚಪ್ಪಲಿ ಹೊಲೀತೇನ್ರಿ."

ಬಾಳಗೊಂಡರದು ಉದಗಾಂವ. ಹುಬ್ಬಳ್ಳಿಯಲ್ಲಿ ರೈಲ್ವೆ ಫಿಟ್ಟರ್ ಆಗಿದ್ದಾಗ ಅಲ್ಲಿನ ಒಬ್ಬ ಮುದುಕ ಎಂಜಿನ್ ಡ್ರೈವರ್ ಅವರಿಗೆ ಗಿಟಾರು ಕಲಿಸಿದ್ದನಂತೆ. "ಅವಾಗ ತೊಗಲಿನ ಬೂಟು, ಕೆಳಗ ಕಟಗೀ ನೆಲ" ಎಂದರು. "ಒಂದ ಕಾಲು ಬಡದ್ರ ಡ್ರಮ್ಮ ಬ್ಯಾಡಾಗಿತ್ತು. ಈಗೆಲ್ಲಿ ಸಿಗತಾವು ಅಂಥಾ ಬೂಟು?"

ಕೃಷ್ಣಾತ ನೆಲಕ್ಕೆ ಕುಳಿತು, ಕಿಸೆಯಿಂದ ಕಾರ್ಯಕ್ರಮದ ಹಾಳೆ ತೆಗೆದು ಹಾಸಿ, "ಕಾಲು ಇಡ್ರಿ ಇದರ ಮ್ಯಾಲ" ಎಂದ. ಬಾಳಗೊಂಡರು ಬೂಟು ಬಿಚ್ಚಿ ಕಾಲಿಟ್ಟರು. ಅವನು ಪೆನ್ನಿನಿಂದ ಪಾದದ ಸುತ್ತ ಗೆರೆ ಎಳೆದುಕೊಂಡ. ನೋಡುತ್ತ ನಿಂತಿದ್ದ ಪ್ರಣಿತಾ, "ಕಾಕಾ, ನಿಮ್ಮ ಕಾಲಿಗೂ ಅಭಿಮಾನಿ ಹುಟ್ಯಾರ" ಎಂದಳು.

ಹಿಂದೆ ಕೊಲ್ಹಾಪುರದಲ್ಲಿ ಕರಕರ ಸದ್ದು ಮಾಡುವ ಚಪ್ಪಲಿಗೆ ದೊಡ್ಡ ಬೇಡಿಕೆಯಿತ್ತು. ಎರಡು ತಳಗಳ ನಡುವೆ ವಿಂಚು ಎಂಬ ಗಟ್ಟಿ ಕಾಯಿ ಇಟ್ಟು ಹೊಲಿದರೆ, ಹೆಜ್ಜೆ ಎತ್ತಿದಾಗಲೆಲ್ಲ ಚಪ್ಪಲಿ ಮಾತಾಡುತ್ತಿತ್ತು. ಪೈಲವಾನರು ಅದನ್ನು ಮೆಟ್ಟಿ ಓಣಿಯಲ್ಲಿ ನಡೆದರೆ ಬರುವ ಮುಂಚೆಯೇ ಜನ ದಾರಿ ಬಿಡುತ್ತಿದ್ದರು. ಕೃಷ್ಣಾತನ ಅಪ್ಪ ಅದರಲ್ಲಿ ಹೆಸರುವಾಸಿ. ಈಗ ಸದ್ದಿನ ಚಪ್ಪಲಿ ಕೇಳುವವರು ಅಪರೂಪ. ಕೃಷ್ಣಾತ ಕೊನೆಯ ಜೋಡಿ ಹೊಲಿದು ಹದಿನೈದು ವರ್ಷವೇ ಆಗಿತ್ತು.

ಶನಿವಾರ ಬೆಳಕು ಹರಿಯುತ್ತಲೇ ಅವನು ಕಪಾಟು ಜಾಲಾಡಲು ಶುರುಮಾಡಿದ. ಕಾಯಿಯ ಡಬ್ಬಿ ಸಿಗಲಿಲ್ಲ. ಸಾರಿಕಾ ಎದ್ದು ಹೋಗಿ, ಅಡುಗೆಮನೆಯ ಮಾಳಿಗೆಯಿಂದ ಅದನ್ನು ಇಳಿಸಿ ತಂದಳು.

"ಯಾರಿಗ್ರಿ ಇದು? ಪೈಲವಾನಗೇನು?"

"ಪೈಲವಾನ ಅಲ್ಲ. ಬ್ಲೂಸ್ ಹಾಡಾವ."

"ಅಳಾವಗ ಕರಕರ ಚಪ್ಪಲಿ ಯಾಕ ಬೇಕ?" ಎಂದಳು. ಆದರೂ ಪಕ್ಕಕ್ಕೆ ಕುಳಿತು ಪಟ್ಟಿ ಕತ್ತರಿಸಿ ಕೊಟ್ಟಳು.

ಹೊಸದಾಗಿ ಶುರುಮಾಡಿದರೆ ವಾರ ಬೇಕು. ಅರ್ಧ ಸಿದ್ಧವಿದ್ದ ಒಂದು ಜೋಡಿಯನ್ನು ಹಾಳೆಯ ಗೆರೆಗೆ ಸರಿಯಾಗಿ ಕತ್ತರಿಸಿ, ಬಲಗಾಲಿನದರಲ್ಲಿ ಮಾತ್ರ ಕಾಯಿ ಇಟ್ಟ. ಎಡಗಾಲು ಸುಮ್ಮನಿರಲಿ, ತಾಳ ಹಾಕುವುದು ಬಲಗಾಲು ತಾನೆ. ಹಿಮ್ಮಡಿಗೆ ಇನ್ನೊಂದು ಪದರ ಗಟ್ಟಿ ಚರ್ಮ ಬಡಿದ. ಮಧ್ಯಾಹ್ನ ಅದನ್ನು ಮೆಟ್ಟಿಕೊಂಡು ಓಣಿಯಲ್ಲಿ ಅಡ್ಡಾಡಿ ಪರೀಕ್ಷೆ ಮಾಡಿದ. ಕಾಲು ಊರಿದರೆ ಧಪ್, ಎತ್ತಿದರೆ ಕರ್. ಧಪ್-ಕರ್, ಧಪ್-ಕರ್. ಬ್ಲೂಸಿನ ಕುಂಟುವ ನಡೆಗೆ ಅದು ಸರಿಯಾಗಿ ಕೂಡುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ನೆರೆಯ ಲಖನ್, "ಕಾಯ್ ಝಾಲಂ, ಏನಾತೋ ಕೃಷ್ಣಾತ? ಒಂದ ಕಾಲು ಅಳತೈತಲ್ಲೋ" ಎಂದು ಕೂಗಿದ. ಕೃಷ್ಣಾತ ಇನ್ನೊಂದು ಸುತ್ತು ಹೊಡೆದ.

ಇಚಲಕರಂಜಿಯ ಕಾರ್ಯಕ್ರಮ ಸಂಜೆ ನಾಲ್ಕಕ್ಕೆ, ನೇಕಾರ ಓಣಿಯ ಒಂದು ವಾಚನಾಲಯದ ಮೇಲಿನ ಮಹಡಿಯಲ್ಲಿ. ಬಂದವರು ಇಪ್ಪತ್ತಮೂರು ಜನ, ಕೃಷ್ಣಾತ ಎಣಿಸಿದ. ಕಿಟಕಿಯಾಚೆ ಮಗ್ಗಗಳ ಖಟಖಟ ನಿಲ್ಲದೆ ಬರುತ್ತಿತ್ತು. ಬಾಳಗೊಂಡರು ಕೃಷ್ಣಾತ ತಂದುಕೊಟ್ಟ ಹೊಸ ಚಪ್ಪಲಿ ಮೆಟ್ಟಿ, ಹಲಗೆಯ ಮೇಲೆ ಎರಡು ಸಲ ಹೊಡೆದು ನೋಡಿ, ಮಗುವಿನಂತೆ ಹಿಗ್ಗಿದರು. ಆಮೇಲೆ ಜನರ ಕಡೆ ತಿರುಗಿದರು.

"ಈ ಹಾಡು ಹತ್ತಿ ಬಿಡಿಸೋ ಮಂದೀದು. ನೀವು ಅದ ಹತ್ತೀ ನೂಲ ನೇಯಾವ್ರು. ಅಂದ್ರ ನಾವು ನೀವು ಒಂದ ದಂಧೇದವ್ರು. ಹಂಗಾಗಿ ಮಗ್ಗ ಬಂದ್ ಮಾಡ್ರಿ ಅಂತ ನಾ ಹೇಳಂಗಿಲ್ಲ."

ಜನ ನಕ್ಕರು, ಕುರ್ಚಿಗಳು ಮುಂದೆ ಸರಿದವು. ಮೊದಲ ಮೂರು ಹಾಡು ಧಪ್-ಕರ್ ನಡೆಯಲ್ಲಿ ಹಾರಿಕೊಂಡು ಹೋದವು. ಇಪ್ಪತ್ತಮೂರು ಜನರೂ ಕಾಲು ಬಡಿಯುತ್ತಿದ್ದರು. ತನ್ನ ಕೈಯ ಕೆಲಸ ಬ್ಲೂಸಿನೊಳಗೆ ಸೇರಿ ಹೋಗಿದೆ ಎಂಬ ಹೆಮ್ಮೆಗೆ ಕೃಷ್ಣಾತನಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

ನಾಲ್ಕನೆಯದು ಪ್ರಣಿತಾಳ ಹಾಡು. ಅವಳೇ ಕಟ್ಟಿದ್ದು, ಕನ್ನಡದ್ದು. ಬಾಳಗೊಂಡರು ತೀರ ಮೆಲ್ಲಗೆ ತಂತಿ ಮೀಟಿದರು. ಪ್ರಣಿತಾ ಕಣ್ಣು ಮುಚ್ಚಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಆ ನಿಲುಗಡೆಯಲ್ಲಿ, ಮಗ್ಗದ ಸದ್ದೂ ದೂರ ಹೋದಂತಿದ್ದ ಆ ಗಳಿಗೆಯಲ್ಲಿ, ಬಾಳಗೊಂಡರು ಕಾಲನ್ನು ಒಂದಿಷ್ಟು ಸರಿಸಿ ಕುಳಿತರು.

ಕರ್ರ್‌ರ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಳಗೊಂಡರು ಗಾಬರಿಯಾಗಿ ಕಾಲು ಎಳೆದುಕೊಂಡರು, ಮತ್ತೆ ಕರ್ರ್. ಈಗ ಎಲ್ಲರೂ ನಕ್ಕರು. ಇನ್ನು ಉಳಿಸುವುದಾಗದು ಎಂದು ತಿಳಿದ ಬಾಳಗೊಂಡರು ಗಿಟಾರಿನಲ್ಲಿ ಆ ಸದ್ದನ್ನೇ ಅಣಕಿಸಿದರು. ಚಪ್ಪಲಿ ಒಂದು ಮಾತಾಡಿದರೆ ಗಿಟಾರು ಒಂದು ಮಾತಾಡಿತು. ಎರಡೂ ಜಗಳಕ್ಕೆ ಬಿದ್ದವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪ್ರಣಿತಾಳೂ ಮೌತ್ ಆರ್ಗನ್ ಎತ್ತಿಕೊಂಡು ಜಗಳದೊಳಗೆ ಸೇರಿದಳು. ಆದರೆ ಅವಳ ಹಾಡು ಅಲ್ಲಿಗೇ ನಿಂತಿತ್ತು, ಮತ್ತೆ ಶುರುವಾಗಲಿಲ್ಲ.

ಮುಗಿದ ಮೇಲೆ ಕೃಷ್ಣಾತ ಅವಳ ಹತ್ತಿರ ಹೋದ. ಅವಳು ಮೌತ್ ಆರ್ಗನ್ನುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು.

"ನೀವು ಬೇಕಂತ ಮಾಡಿಲ್ಲ, ನನಗ ಗೊತ್ತೈತ್ರಿ" ಎಂದಳು, ತಲೆ ಎತ್ತದೆ. "ಆದ್ರ ಆ ಹಾಡು ನಾ ವರ್ಷದಾಗ ನಾಕೈದು ಸಲಾನೂ ಹಾಡಂಗಿಲ್ಲ. ಇವತ್ತ ಹಾಡೂಣು ಅಂತ ಮನಸ್ಸ ಮಾಡಿದ್ದೆ."

"ತಪ್ಪಾತ್ರಿ, ತಾಯಿ."

ಬಸ್ಸಿನಲ್ಲಿ ಕೊಲ್ಹಾಪುರದವರೆಗೆ ಅವನು ಕಿಟಕಿಯ ಸರಳು ಹಿಡಿದು ಕುಳಿತ. ಇಪ್ಪತ್ತಾರು ವರ್ಷ ಕಾದು, ಎರಡು ಸಂಜೆ ಕೇಳಿ, ಎರಡನೆಯ ಸಂಜೆಯೇ ಒಂದು ಹಾಡು ಕೆಡಿಸಿದ್ದ. ಕಿವಿ ಕೊಟ್ಟು ಕೂತಿದ್ದರೆ ಸಾಕಿತ್ತು. ನಡುವೆ ಕೈ ಹಾಕು ಎಂದು ಯಾರು ಹೇಳಿದ್ದರು?

ರವಿವಾರ ಬೆಳಗ್ಗೆ ಅವನು ಫೋನು ಮುಟ್ಟಲಿಲ್ಲ. ಮನೆಯಲ್ಲಿ ಹಾಡಿಲ್ಲದ್ದನ್ನು ಸಾರಿಕಾ ತಾಸು ಹೊತ್ತು ಸಹಿಸಿಕೊಂಡಳು. ಆಮೇಲೆ ಚರ್ಮ ಹೊಲಿಯುವ ಆರಿಯನ್ನು ಕೆಳಗಿಟ್ಟು ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ಚಪ್ಪಲಿ ಇನ್ನೂ ಅವರ ಹತ್ರ ಐತಿ?"

"ಐತಿ."

"ಮತ್ತ? ಹೋಗೂಣು ನಡೀರಿ ಗಡಹಿಂಗ್ಲಜಕ್ಕ. ಕಾಯಿ ತಗದು ಹೊಲದು ಕೊಟ್ಟ ಬರೂಣು. ನಾನೂ ಬರ್ತೇನಿ. ಇಷ್ಟ ವರ್ಷ ಕಿವೀಗೆ ಬಿದ್ದೈತಿ, ಒಮ್ಮೆ ಕಣ್ಣಿಲೆ ನೋಡ್ತೇನಿ."

ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಇಬ್ಬರೂ ಬಸ್ಸು ಹತ್ತಿದರು.

ಗಡಹಿಂಗ್ಲಜದಲ್ಲಿ ಕಾರ್ಯಕ್ರಮ ಇಟ್ಟುಕೊಂಡವರು ಶೇಂಗಾ ವ್ಯಾಪಾರಿ ರಾವಸಾಹೇಬರು. ಬ್ಲೂಸ್ ಎಂದರೇನೆಂದು ಅವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಆ ಊರಿನಲ್ಲಿ ಫುಟ್ಬಾಲ್ ಪಂದ್ಯ ಬಿಟ್ಟ ಮೇಲೆ ಜನ ಕೂಡಲೇ ಮನೆಗೆ ಹೋಗುವುದಿಲ್ಲ ಎಂಬುದು ಗೊತ್ತಿತ್ತು. ಮೈದಾನದ ಅಂಚಿಗೆ ತಮ್ಮ ಟ್ರಾಕ್ಟರಿನ ಟ್ರಾಲಿ ನಿಲ್ಲಿಸಿ, ಜಮಖಾನೆ ಹಾಸಿ, ಅದನ್ನೇ ವೇದಿಕೆ ಮಾಡಿದ್ದರು. ಊರ ತಂಡ ಗೆದ್ದಿತ್ತು. ಮುನ್ನೂರು ಜನ ಖಾರ ಹಚ್ಚಿದ ಚುರಮುರಿ ಭಡಂಗದ ಪೊಟ್ಟಣ ಹಿಡಿದು ಅಲ್ಲೇ ನಿಂತಿದ್ದರು.

ಟ್ರಾಲಿಯ ಹಿಂದೆ ಬಾಳಗೊಂಡರೂ ಪ್ರಣಿತಾಳೂ ಚಹಾ ಕುಡಿಯುತ್ತಿದ್ದರು. ಕೃಷ್ಣಾತ ನೇರ ವಿಷಯಕ್ಕೆ ಬಂದ.

"ಮಾಸ್ತರ್ರ, ಚಪ್ಪಲಿ ಕೊಡ್ರಿ. ಒಳಗಿನ ಕಾಯಿ ತಗೀತೇನಿ. ಅರ್ಧ ತಾಸಿನ ಕೆಲಸ. ಆರಿ, ದಾರ ಎಲ್ಲಾ ತಂದೇನಿ."

ಬಾಳಗೊಂಡರು ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. "ಕೊಡಂಗಿಲ್ರಿ."

"ಅಲ್ರಿ, ನಿನ್ನೆ..."

"ನಿನ್ನೆ ತಪ್ಪು ನನ್ನದು. ಮೆಲ್ಲಗಿನ ಹಾಡಿನಾಗ ಕಾಲು ಸುಮ್ಮ ಇಡಬೇಕಾಗಿತ್ತು. ಅದಕ್ಕ ಚಪ್ಪಲಿ ಏನ ಮಾಡತೈತಿ?"

ಕೃಷ್ಣಾತ ಪ್ರಣಿತಾಳ ಮುಖ ನೋಡಿದ. ಅವಳು ನಗುತ್ತಿದ್ದಳು. "ಬಿಡ್ರಿ. ಅದನ್ನ ಮೆಟ್ಟಿಕೊಂಡ ಲಾಡ್ಜಿನ್ಯಾಗ ತಿರಗ್ಯಾಡಿ, ಬಾಜೂ ಖೋಲಿಯವ್ರ ಕಡೆ ಬೈಸಿಕೊಂಡಾರ. ಕಾಕಾರ ಕಾಲಿನಿಂದ ಈಗ ಯಾರೂ ಅದನ್ನ ಬಿಡಸಾಕ ಆಗಂಗಿಲ್ಲ." ಆಮೇಲೆ ಸಾರಿಕಾಳ ಕಡೆ ತಿರುಗಿದಳು. "ನೀವು ಇವರ ಮನಿಯವರೇನ್ರಿ? ಮುಂದ ಬಂದ ಕೂಡ್ರಿ."

ಟ್ರಾಲಿಯ ಕಬ್ಬಿಣದ ಮೇಲೆ ಹಲಗೆ, ಹಲಗೆಯ ಮೇಲೆ ಚಪ್ಪಲಿ. ಮೊದಲ ಹೊಡೆತಕ್ಕೇ ಇಡೀ ಟ್ರಾಲಿ ಗುಂಯ್ ಎಂದಿತು. ಮೈದಾನದ ಆಚೆ ತುದಿಯಲ್ಲಿ ಹೊರಟಿದ್ದವರು ತಿರುಗಿ ಬಂದರು. ಗೆದ್ದ ಹುರುಪಿನಲ್ಲಿದ್ದ ಜನ ಎರಡನೆಯ ಹಾಡಿಗೆ ತಾಳ ಹಿಡಿದರು, ಮೂರನೆಯದಕ್ಕೆ ಕುಣಿದರು. ಪ್ರಣಿತಾ ಊದುತ್ತ ಊದುತ್ತ ಒಂದೇ ಉಸಿರಿನಲ್ಲಿ ರೈಲು ಹೊರಟು, ವೇಗ ಹಿಡಿದು, ಸೇತುವೆ ದಾಟುವ ಸದ್ದು ಮಾಡಿದಾಗ ರಾವಸಾಹೇಬರು ಟೋಪಿ ತೆಗೆದು ಬೀಸಿದರು. ಸಾರಿಕಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ಇದರಾಗ ಅಳೂದು ಎಲ್ಲೈತ್ರಿ?" ಎಂದು ಗಂಡನ ಕಿವಿಯಲ್ಲಿ ಕೇಳಿದಳು.

ಆಗ ಪ್ರಣಿತಾ ಮೈಕಿನ ಮುಂದೆ ಬಂದಳು.

"ಮುಂದಿನ ಹಾಡು ನಂದು. ನಮ್ಮೂರು ಕುರುಂದವಾಡ. ಹೊಳಿಗೆ ಮಹಾಪೂರ ಬಂದಾಗ ಅವ್ವ ಆಚೀ ದಂಡ್ಯಾಗ ಮೂರ ದಿನಾ ಮಾಳಗಿ ಮ್ಯಾಲ ಸಿಕ್ಕೊಂಡಿದ್ಲು. ನಾ ಈಚೀ ದಂಡ್ಯಾಗ ನಿಂತಿದ್ದೆ. ಈಗ ಆರಾಮ ಅದಾಳ. ಈ ಹಾಡು ಕೇಳಿದಾಗೊಮ್ಮೆ, 'ನಾ ಏನ ಸತ್ತೇನೇನ?' ಅಂತ ಬೈತಾಳ." ಜನ ನಕ್ಕು ಸುಮ್ಮನಾದರು. "ಹಾಡಿನಾಗ ಕಾಕಾರ ಚಪ್ಪಲಿ ಮಾತಾಡಬಾರದು. ಅದನ್ನ ಹೊಲದವ್ರು ಇಲ್ಲೇ ಬಂದಾರ. ಮುಗಿಯೂ ತನಕ ಅವರ ಕೈಯಾಗ ಇರಲಿ."

ಬಾಳಗೊಂಡರು ಬಲಗಾಲಿನ ಚಪ್ಪಲಿ ಬಿಚ್ಚಿ, ಟ್ರಾಲಿಯ ಮೇಲಿಂದ ಬಗ್ಗಿ, ಎರಡೂ ಕೈಯಲ್ಲಿ ಕೊಟ್ಟರು. ಕೃಷ್ಣಾತ ಎರಡೂ ಕೈಯಲ್ಲಿ ತೆಗೆದುಕೊಂಡ. ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲಿ ಸದ್ದು ಮಾಡೀತೋ ಎಂದು ಅಲುಗಾಡದೆ ಕುಳಿತ. ಮೇಲೆ ಬಾಳಗೊಂಡರ ಬರಿಗಾಲು ಹಲಗೆಯನ್ನು ಮುಟ್ಟಿಯೂ ಮುಟ್ಟದಂತೆ ಆಡುತ್ತಿತ್ತು.

*ಹೊತ್ತು ಮುಳುಗತೈತಿ, ಹೊಳಿಯಾಗ ದೋಣಿ ಇಲ್ಲ,*
*ಹೊತ್ತು ಮುಳುಗತೈತಿ ಅವ್ವಾ, ಹೊಳಿಯಾಗ ದೋಣಿ ಇಲ್ಲ,*
*ನಿನ್ನ ದೀಪ ಕಾಣತೈತಿ, ನನ್ನ ಕೂಗು ಮುಟ್ಟೂದಿಲ್ಲ.*

ಕೃಷ್ಣಾತ ಜೀವನದಲ್ಲಿ ಮೊದಲ ಸಲ ಒಂದು ಬ್ಲೂಸಿನ ಮಾತನ್ನು ಪೂರ್ತಿ ತಿಳಿದು ಕೇಳಿದ. ಇಷ್ಟು ವರ್ಷ ಧ್ವನಿಯಿಂದಲೇ ಊಹಿಸಿಕೊಂಡದ್ದು ತಪ್ಪಾಗಿರಲಿಲ್ಲ ಎಂದು ಅವನಿಗೆ ಸಮಾಧಾನವಾಯಿತು. ಎರಡನೆಯ ಸಲ ಬಂದ ಸಾಲು ಮೊದಲಿನದೇ ಆಗಿದ್ದರೂ ಅದೇ ಆಗಿರಲಿಲ್ಲ. ಮೊದಲು ಸುದ್ದಿ ಹೇಳಿದಂತಿತ್ತು, ಎರಡನೆಯ ಸಲ ಎದೆಗೆ ನಾಟಿತು. ಮುನ್ನೂರು ಜನರ ಕೈಯ ಪೊಟ್ಟಣಗಳು ಸುಮ್ಮನಿದ್ದವು. ಪಕ್ಕದಲ್ಲಿ ಸಾರಿಕಾ ಮೂಗು ಒರೆಸಿಕೊಂಡಳು. ಅವನು ಆ ಕಡೆ ನೋಡಲಿಲ್ಲ. ನೋಡಿದರೆ ತಾನೂ ಸೇರಿಕೊಳ್ಳುತ್ತೇನೆಂದು ಗೊತ್ತಿತ್ತು.

ಹಾಡು ಮುಗಿದಾಗ ಮೈದಾನವೇ ಚಪ್ಪಾಳೆ ಹೊಡೆಯುತ್ತ ಎದ್ದಿತು. ಪ್ರಣಿತಾ ಕೃಷ್ಣಾತನ ಕಡೆ ಕೈಚಾಚಿ, ಚಪ್ಪಲಿ ಕೊಡಿ ಎಂದು ಸನ್ನೆ ಮಾಡಿದಳು. ಮುಂದಿನ ಹಾಡಿಗೆ ಧಪ್-ಕರ್ ಮತ್ತೆ ಶುರುವಾಯಿತು.

ಆರೂವರೆಗೆ ಎಲ್ಲ ಮುಗಿಯಿತು. ರಾವಸಾಹೇಬರು ತಮಗೂ ಅಂಥದೊಂದು ಜೋಡಿ ಬೇಕೆಂದು ಅಲ್ಲೇ ಪಾದದ ಅಳತೆ ಕೊಟ್ಟರು. ತಮಗೆ ಎರಡೂ ಕಾಲು ಮಾತಾಡಬೇಕು ಎಂದರು. ಬಾಳಗೊಂಡರು ಪುಣೆಗೆ ಹೊರಟಿದ್ದ ತಮ್ಮ ಜೀಪಿನ ಬಾಗಿಲು ತೆಗೆದು, "ಬಸ್ಸಿಗೆ ಯಾಕ ಹೊಕ್ಕೀರಿ? ಹಾದ್ಯಾಗ ಕೊಲ್ಹಾಪುರ ಬರತೈತಿ" ಎಂದು ಇಬ್ಬರನ್ನೂ ಹತ್ತಿಸಿಕೊಂಡರು.

ನಡುವಿನ ಸೀಟಿನಲ್ಲಿ ಸಾರಿಕಾ ಮತ್ತು ಪ್ರಣಿತಾ. ನಿಪ್ಪಾಣಿ ಬರುವಷ್ಟರಲ್ಲಿ ಹೊಳೆ, ಅವ್ವ, ಮದುವೆ, ಮೋನಾಲಿಯ ಕಾಲೇಜು ಎಲ್ಲ ಮುಗಿದು, ಪ್ರಣಿತಾ ಒಂದು ಮೌತ್ ಆರ್ಗನ್ ಕೊಟ್ಟು ಸಾರಿಕಾಳ ಕೈಯಲ್ಲಿ ಊದಿಸುತ್ತಿದ್ದಳು. ಹೊರಡುತ್ತಿದ್ದ ಸದ್ದಿಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೃಷ್ಣಾತ. ಮೊಣಕಾಲಿನ ಮೇಲೆ ಗಿಟಾರಿನ ಪೆಟ್ಟಿಗೆ. ತಗ್ಗು ಬಂದಾಗಲೆಲ್ಲ ಅವನು ಅದನ್ನು ಒಂದಿಷ್ಟು ಎತ್ತಿ ಹಿಡಿಯುತ್ತಿದ್ದ. ಪಕ್ಕದಲ್ಲಿ ಬಾಳಗೊಂಡರು ಕಾಗಲ್ ಹತ್ತಿರ ಮಾತಿನ ನಡುವೆಯೇ ನಿದ್ದೆಹೋಗಿ, ಅವನ ಹೆಗಲಿಗೆ ತಲೆ ಇಟ್ಟಿದ್ದರು. ಕೃಷ್ಣಾತನ ತೋಳು ಜೋಮು ಹಿಡಿದಿತ್ತು. ಅವನು ಅಲುಗಾಡಲಿಲ್ಲ.

ಸುಭಾಷನಗರದ ಓಣಿಯ ತಲೆಗೆ ಜೀಪು ನಿಂತಿತು. ಸಾರಿಕಾ ಇಳಿದು, ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ ನಿಂತಳು.

"ಇಳೀರಿ ಮತ್ತ."

ಕೃಷ್ಣಾತ ತುಟಿಯ ಮೇಲೆ ಬೆರಳಿಟ್ಟ. ಹೆಗಲ ಮೇಲಿನ ಬಿಳಿಗೂದಲಿನ ತಲೆಯನ್ನು ಕಣ್ಣಿನಲ್ಲೇ ತೋರಿಸಿ, ಡ್ರೈವರನಿಗೆ ಮೆಲ್ಲಗೆ ಹೇಳಿದ.

"ಇಷ್ಟರಾಗ ಎಬ್ಬಸೂದು ಬ್ಯಾಡ್ರಿ. ರಂಕಾಳದ ಕಡೆ ಒಂದ ಸುತ್ತ ಹಾಕ್ಕೊಂಡ ಬರ್ರಿ."

ಸಾರಿಕಾ ಒಂದು ಕ್ಷಣ ಗಂಡನನ್ನು ನೋಡಿದಳು. ಆಮೇಲೆ ಮತ್ತೆ ಹತ್ತಿ ಪ್ರಣಿತಾಳ ಪಕ್ಕ ಕುಳಿತಳು. ಡ್ರೈವರ್ ನಕ್ಕು, ಗಾಡಿಯನ್ನು ಕೆರೆಯ ಕಡೆಗೆ ತಿರುಗಿಸಿದ.